ಗಿಟಾರಿನ ಬೈಂಡಿಂಗ್

ಕಮಲಾಪುರದಾಗ ನಮ್ಮ ಓಣ್ಯಾಗೇ ಇದ್ದ ಅಳಿಯ ಮದುವಿ ಆರ್ಕೆಸ್ಟ್ರಾದಾಗ ಕರೆಂಟಿನ ಗಿಟಾರ್ ಬಾರಿಸ್ತಿದ್ದ. ನಾ ಕಲಬುರಗಿಗೆ ಹೊಂಟಾಗ ಆ ಹಳೇ ಗಿಟಾರ್ ಕೈಗೆ ಕೊಟ್ಟು, "ಅತ್ತಿ, ಇದರ ಬೈಂಡಿಂಗ್ ಸೀಳ್ಯದ, ರಿಪೇರಿ ಮಾಡಿಸ್ಕೊಂಡು ಬರ್ರಿ. ನಾಡಿದ್ದು ಮದುವ್ಯಾಗ ಬಾರಿಸಲಿಲ್ಲಂದ್ರ ಪಾರ್ಟಿಯವ್ರು ನನ್ನ ತೆಗೀತಾರ" ಅಂದ.

ಕರೆಂಟಿಂದು, ಬೈಂಡಿಂಗ್ ಹೋಗ್ಯದ ಅಂದ್ರ ನಮಗ ಗೊತ್ತಿರೋದು ಬಾವಿ ಮೋಟರ್ ಒಂದೇ. ನೆಟ್ಟಗ ನೆಹರು ಗಂಜಿನಾಗ ಸುಟ್ಟ ಮೋಟರಿಗೆ ಹೊಸಾ ತಂತಿ ಸುತ್ತಿಕೊಡೋ ಬೈಂಡಿಂಗ್ ಅಂಗಡಿಗೆ ಹೋದೆ. ಮಿಸ್ತ್ರಿ ಗಿಟಾರ್ ತಿರುವಿ ನೋಡಿ, "ಅಮ್ಮಾ, ಇದು ಎಷ್ಟು ಎಚ್‌ಪಿದು?" ಅಂದ.

"ಅದು ಅಳಿಯನ್ನ ಕೇಳಬೇಕಪ್ಪ" ಅಂದೆ.

ತಂತಿ ಕೆಳಗಿನ ಡಬ್ಬಿಗೆ ಮೀಟರ್ ಹಚ್ಚಿ ನೋಡಿದ. "ಒಳಗ ತಾಮ್ರದ ತಂತಿ ಸುತ್ಯಾರ ಖರೆ, ಆದ್ರ ಏನೂ ಸುಟ್ಟಿಲ್ಲ. ಬೈಂಡಿಂಗ್ ಚೊಲೊ ಅದ."

ಹಂಗಾರ ಅಳಿಯ ಯಾಕ ಸುಳ್ಳು ಹೇಳಿದ? ಅಷ್ಟ್ರಾಗ ಅಂಚಿಗೆ ಕೂಡಿಸಿದ ಬಿಳಿ ಪಟ್ಟಿ ಬಿರುಕು ಬಿಟ್ಟಿದ್ದು ಕಂಡಿತು. "ಗಂಡ ಹೆಂಡ್ತಿ ಜಗಳಾಡ್ಯಾರ, ನನ್ನ ಮಗಳು ಇದನ್ನ ಗ್ವಾಡಿಗೆ ಒಗದಾಳ" ಅಂತ ಮೋಟರ್ ತಂದು ಅಂಗಡ್ಯಾಗ ಕುಂತಿದ್ದ ನಮ್ಮೂರ ಮಂದಿಗೆಲ್ಲಾ ಹೇಳಿದೆ.

ಮಿಸ್ತ್ರಿ ನಕ್ಕ. "ಒಗದಿದ್ರ ಕಟ್ಟಿಗಿ ಒಡೀತಿತ್ತು. ಪಟ್ಟಿ ಹಳೇದಾಗಿ ತಾನೇ ಒಣಗಿ ಸೀಳ್ಯದ. ಇದಕ್ಕೂ ಬೈಂಡಿಂಗ್ ಅಂತಾರೇನೋ." ಅಂಟು ಹಚ್ಚಿ, ಮೋಟರಿಗೆ ಸುತ್ತೋ ನೂಲಿನ ಪಟ್ಟಿಲೆ ಬಿಗಿದುಕೊಟ್ಟ.

ಅಳಿಯ ಮದುವ್ಯಾಗ ಬಾರಿಸಿದ. ಊಟಕ್ಕ ಕುಂತಾಗ ಬಾಜೂಕಿನಾಕಿ ನನ್ನ ಕಿವ್ಯಾಗ, "ನಿನ್ನ ಮಗಳು ಗಿಟಾರ್ ಒಗದು ತವರಿಗೆ ಬಂದಾಳಂತ, ಖರೇನು?" ಅಂದಳು.

ತವರಿಗೆ ಬಂದಾಳಂತ ಮಾತ್ರ ನಾ ಹೇಳಿದ್ದಿಲ್ಲ.