ನೀಲಿ ಹನಿಯ ಅಕ್ಕೋರು

ಅವರ ಎಡ ಹಿಮ್ಮಡಿಯ ಮೇಲೆ ಸದಾ ನೀಲಿ ಚುಕ್ಕೆಗಳಿರುತ್ತಿದ್ದವು. ಎಡವೋ ಬಲವೋ, ಈಗ ಆಣೆ ಮಾಡಲಾರೆ. ಚುಕ್ಕೆಗಳಂತೂ ನಿಜ. ಬಟ್ಟೆಗೆ ಹಾಕುವ ನೀಲಿಯವು.

ಮೂಡಲಗಿಯ ಹೈಸ್ಕೂಲೊಂದರಲ್ಲಿ ನಾನೂ, ಎಲ್ಲರೂ ಅಕ್ಕೋರು ಎನ್ನುತ್ತಿದ್ದ ಆ ಶಿಕ್ಷಕಿಯೂ ವಿಜ್ಞಾನ ಕಲಿಸುತ್ತಿದ್ದೆವು. ಒಂಬತ್ತನೆಯ ‘ಅ’ ವರ್ಗ ನನ್ನದು, ‘ಬ’ ವರ್ಗ ಅಕ್ಕೋರದು. ನಾನು ವೇಗದ ವ್ಯಾಖ್ಯೆ ಬರೆಸುವಾಗ ಅವರು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ನೀಲಿ ನೀರು ತುಂಬಿದ ಸಲಾಯಿನ್ ಬಾಟಲಿಯನ್ನು ಸರದಿಯಂತೆ ಕೈಗೆ ಕೊಟ್ಟು ನಡೆಸುತ್ತಿದ್ದರು. ನಳಿಕೆಯ ಗಾಲಿ ತಿರುಗಿಸಿ ಸೆಕೆಂಡಿಗೊಂದು ಹನಿ ಬೀಳುವಂತೆ ಮಾಡುವುದು. ಆಮೇಲೆ ನೆಲದ ಹನಿಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯುವುದು. ಹನಿ ದೂರ ದೂರ ಬಿದ್ದಲ್ಲಿ ವೇಗ ಹೆಚ್ಚು, ಒತ್ತೊತ್ತಾಗಿ ಬಿದ್ದಲ್ಲಿ ಕಡಿಮೆ.

ಕುರಿ ಸಾಕುವ ಮನೆಯ ಹುಡುಗಿಯೊಬ್ಬಳ ಹನಿಗಳು ಅಲ್ಲಲ್ಲಿ ಗುಂಪಾಗಿದ್ದವು.

“ನಾ ಎಲ್ಲೂ ನಿಂತಿಲ್ರಿ ಅಕ್ಕೋರ!”

“ನೀ ನಿಂತಿಲ್ಲ ಅಂತಿ, ಹನಿ ನಿಂತಾಳ ಅಂತಾವು. ಯಾರನ್ನ ನಂಬೂಣು?”

“ಹಿಂದ ಕುರಿ ಬರಾಕತ್ತಾವೇನ ಅಂತ ಹೊಳ್ಳಿ ನೋಡ್ಯಾಳ್ರಿ!” ಎಂದು ಯಾರೋ ಕೂಗಿದರು. ಆ ಹುಡುಗಿಯೂ ನಕ್ಕಳು.

“ಕಾಲು ಮಾಡಿದ್ದು ತಲಿಗೆ ಗೊತ್ತಿರೂದಿಲ್ಲ. ಅಳೀರಿ,” ಎಂದರು ಅಕ್ಕೋರು. ಅದು ಅವರ ದಿನದ ಮಾತು.

ಆ ನಗು ಕಿಟಕಿಯಿಂದ ಒಳಬಂದಾಗ ನನ್ನ ವರ್ಗದ ಪೆನ್ನುಗಳು ನಿಂತವು.

“ಸರ, ನಾವೂ ಹೊರಗ ಹೋಗೂಣ್ರಿ?”

“ಪರೀಕ್ಷಾದಾಗ ನಡದ ತೋರಸ್ತಿಯೇನಲೇ?” ಎಂದೆ. ಯಾರೂ ನಗಲಿಲ್ಲ. ಅಷ್ಟು ವರ್ಷಗಳಲ್ಲಿ ನನ್ನ ಪಾಠಕ್ಕೆ ಒಂದು ಮಗುವೂ ಹಾಗೆ ಕೂಗಿರಲಿಲ್ಲ.

ಆ ವಾರವೇ ಸಂಸ್ಥೆಯ ಅಧ್ಯಕ್ಷರಿಗೆ ‘ಒಬ್ಬ ಪಾಲಕ’ ಎಂದು ಕಾಗದ ಬರೆದೆ: ಪಠ್ಯ ಮುಗಿಯುತ್ತಿಲ್ಲ, ಮಕ್ಕಳನ್ನು ಬಿಸಿಲಲ್ಲಿ ತಿರುಗಿಸುತ್ತಾರೆ. ಮಕ್ಕಳ ಹಿತಕ್ಕೆ ಬರೆದೆ ಎನ್ನಲು ನೆನಪು ಈಗಲೂ ಹವಣಿಸುತ್ತದೆ. ಸುಳ್ಳು. ಹೊಟ್ಟೆಕಿಚ್ಚಿಗೆ ಬರೆದೆ.

ಮೈದಾನದ ಪಾಠ ನಿಂತಿತು. ಸೋಮವಾರದೊಳಗೆ ಅಕ್ಕೋರು ಲಿಖಿತ ಉತ್ತರ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ಬಾಟಲಿಗಳು ಕಾಯಂ ಆಗಿ ಕಪಾಟಿಗೆ. ಅವರು ಆ ಕಾಗದದ ಝೆರಾಕ್ಸ್ ತಂದು ನನ್ನ ಮುಂದಿಟ್ಟರು.

“ಸರ, ಇದು ನಿಮ್ಮ ಅಕ್ಷರ. ಹಜೇರಿ ಪುಸ್ತಕದಾಗ ದಿನಾ ನೋಡ್ತೇನಿ.”

ನಾನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ.

“ಜಗಳಾ ಮಾಡಾಕ ಬಂದಿಲ್ರಿ. ನನಗ ಆಫೀಸಿನ ಭಾಷಾ ಬರೂದಿಲ್ಲ. ನೀವು ಚೊಲೋ ಬರೀತೀರಿ. ಇದಕ್ಕ ಉತ್ತರ ಬರದ ಕೊಡ್ರಿ.”

ನೋಡದೆ ಹೇಗೆ ಬರೆಯುತ್ತೀರಿ ಎಂದು ಶಾಲೆ ಬಿಟ್ಟ ಮೇಲೆ ನನ್ನ ಕೈಗೂ ಬಾಟಲಿ ಕೊಟ್ಟು ನಡೆಸಿದರು. ಒಂದೇ ವೇಗದಲ್ಲಿ ನಡೆದೆನೆಂದುಕೊಂಡಿದ್ದೆ. ಅವರ ವರ್ಗದ ಕಿಟಕಿಯೆದುರು ಹನಿಗಳು ಒತ್ತಾಗಿ ಬಿದ್ದಿದ್ದವು. ಅವರು ಟೇಪಿನ ಒಂದು ತುದಿ ನನಗೆ ಹಿಡಿಸಿ, ಅಳತೆ ಬರೆದುಕೊಂಡರು.

ಮರುದಿನ ಉತ್ತರ ಬರೆದುಕೊಟ್ಟೆ. ಅವರು ತಮ್ಮ ಕೈಯಿಂದ ನಕಲು ಮಾಡಿ ಸಹಿ ಹಾಕಿದರು. ಅನುಮತಿ ಸಿಕ್ಕಿತು. ನನ್ನ ಕಾಗದದ ವಿಷಯವನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ಆ ಝೆರಾಕ್ಸನ್ನು ನನ್ನೆದುರೇ ಹರಿದು ಹಾಕಿದರೆಂದು ನೆನಪು ಹೇಳುತ್ತದೆ. ನನಗೆ ಬೇಕಾದದ್ದನ್ನೇ ಹೇಳುವುದರಿಂದ ನಾನದನ್ನು ನಂಬುವುದಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ, ಈಗ ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಆ ಕುರಿ ಮನೆಯ ಹುಡುಗಿ ಬಂದಿದ್ದಳು. ಹಳೆಯ ಫೈಲಿನಿಂದ ಆ ಉತ್ತರ ತೆಗೆಸಿ ಓದಿದಳು: “ತನ್ನ ಹೆಜ್ಜೆಯನ್ನು ತಾನೇ ಅಳೆದ ಮಗುವಿಗೆ ವೇಗವೆಂಬುದು ಪುಸ್ತಕದ ಮಾತಲ್ಲ, ತನ್ನ ಮನೆಯ ಸುದ್ದಿ.” ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಆ ಮಾತು ನನ್ನದು. ನಾನು ಬರೆದದ್ದಕ್ಕೆ ಯಾರಾದರೂ ಅತ್ತದ್ದು ಅದೊಂದೇ ಸಲ. ಎದ್ದು ಹೇಳಬೇಕೆನಿಸಿತು, ಹೇಳಿದರೆ ಅದು ಯಾರ ಕಾಗದಕ್ಕೆ ಉತ್ತರವೆಂದೂ ಹೇಳಬೇಕಾಗುತ್ತಿತ್ತು. ಅಲ್ಲದೆ, ಟೇಪು ಹಿಡಿದು ನಿಂತಾಗ ಆ ಮಾತನ್ನು ಅವರೇ ಆಡಿದ್ದರೇನೋ. ಎಷ್ಟು ಹುಡುಕಿದರೂ ತಿಳಿಯದು.

ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ಅವರ ಅಣ್ಣ ನನ್ನ ಪಕ್ಕದಲ್ಲಿದ್ದರು. ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದರು.

“ನಮ್ಮ ತಂಗಿ ಇಷ್ಟ ಚಂದ ಬರೀತಿದ್ಲು ಅಂತ ನಮಗ ಗೊತ್ತ ಇರ್ಲಿಲ್ರಿ ಸರ. ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ,” ಎಂದೆ.