ಹೆಡ್ ಕೂರಿಸದ ಮೇಸ್ತ್ರಿ

"ಈ ಬೈಕ್ ನಂಬಿದ್ರ ನಿನಗ ಡಿಗ್ರಿ ಸಿಗಂಗಿಲ್ಲ, ತಂಗಿ" ಎಂದು ಮೊದಲು ಹೇಳಿದವರು ಉಪ್ಪಲ್‌ನ ನಮ್ಮ ಓಣಿಯ ಬೈಕ್ ರಿಪೇರಿ ಮೇಸ್ತ್ರಿ. ಹಳೆಯ ಬೈಕಿನ ಶಕ್ತಿ ಹೆಚ್ಚಿಸುವುದು ಇಂಜಿನಿಯರಿಂಗ್ ಕೊನೆಯ ವರ್ಷದ ನನ್ನ ಪ್ರಾಜೆಕ್ಟ್. ಅದು ಕೆಟ್ಟರೆ ಡಿಗ್ರಿಯೇ ಇಲ್ಲ. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಅಗ್ಗದ್ದು ಹಾಕಿಸಲೋ, ದುಬಾರಿಯದೋ ಎಂದು ಮೂರು ದಿನ ಕೇಳಿದೆ. ಅವರು ಪ್ರತಿ ಸಲವೂ ಕೈ ಒರೆಸಿಕೊಳ್ಳುತ್ತಾ, "ಮೊದಲ ಕೆಳಗ ನೋಡೂಣು" ಎನ್ನುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು.

ನಾಲ್ಕನೆಯ ದಿನ "ಕಾಕಾ, ದುಬಾರಿದ್ದ ಕೂಡಸ್ರಿ, ಸಾಕು!" ಎಂದು ರೇಗಿದೆ. ಅವರು ಪ್ಲಗ್ ಬಿಚ್ಚಿ, ಒತ್ತಡದ ಮೀಟರ್ ಇಟ್ಟು ಕಿಕ್ ಹೊಡೆದರು. ಮುಳ್ಳು ಅಷ್ಟೇನೂ ಏಳಲಿಲ್ಲ. ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಹೊಡೆದರು. ಸರ್ರನೆ ಏರಿತು.

"ನೋಡು, ಎಣ್ಣಿ ಸಂದು ಮುಚ್ಚಿದ ಕೂಡ್ಲೆ ಒತ್ತಡ ಏರ್ತು, ಅಂದ್ರ ಪಿಸ್ಟನ್ ರಿಂಗ್ ಸವದಾವ. ಬುಡಾನ ಸೋರೂವಾಗ ಬಂಗಾರದ ಹೆಡ್ ಇಟ್ರೂ ಅಷ್ಟ."

ನಾಲ್ಕು ವರ್ಷ ಓದಿದ್ದ ನಾನು ಇದನ್ನು ಪರೀಕ್ಷಿಸಿಯೇ ಇರಲಿಲ್ಲ. ಅವರು ಹೊಸ ರಿಂಗ್ ಹಾಕಿ, ಅಗ್ಗದ ಹೆಡ್ಡನ್ನೇ ಉಜ್ಜಿ ನಯಮಾಡಿ ಕೂರಿಸಿದರು. ಬೈಕ್ ಪಾಸಾಯಿತು, ನಾನೂ.

ಗಾರೆ ಕೆಲಸದ ಅಪ್ಪನ ಕೈಗೆ ಡಿಗ್ರಿ ಸರ್ಟಿಫಿಕೇಟ್ ಕೊಟ್ಟೆ. ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಮ್ಮ ಮನ್ಯಾಗ ಇದು ಮೊದಲನೇದು. ಬೈಕಿನ ಮೇಸ್ತ್ರಿ ಒಮ್ಮಿ ನೋಡ್ಲಿ, ಆಮ್ಯಾಲ ಗಾಜಿನ ಕಟ್ಟು ಹಾಕಸೂಣು."