ಹನ್ನೆರಡನೆಯ ದಿನಕ್ಕೆ ಮೊದಲು

ವಿಶ್ವಕ್ಕೆ ಆರಂಭವೇ ಇಲ್ಲ ಎಂದು ನಾನು ವರ್ಷಗಟ್ಟಲೆ ವಾದಿಸಿದ್ದೇನೆ. ರಾಮಕುಂಜದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮನುಷ್ಯನಿಗೆ ಈ ಉಸಾಬರಿ ಯಾಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಪಾಠದಲ್ಲಿ ಇದ್ದದ್ದು ಸನ್ನೆಕೋಲು, ಉಷ್ಣಮಾಪಕ, ಒತ್ತಡ. ಆದರೆ ಪುತ್ತೂರಿನ ಕಾಲೇಜಿನಲ್ಲಿ ನನ್ನ ಸ್ನೇಹಿತರೊಬ್ಬರು ಉಪನ್ಯಾಸಕರಾಗಿದ್ದರು. ಅವರಿಗೆ ಎಲ್ಲಿಂದಲೋ ವಿದೇಶದ ವಿಜ್ಞಾನ ಪತ್ರಿಕೆಗಳು ಬರುತ್ತಿದ್ದವು, ಓದಿ ನನಗೆ ದಾಟಿಸುತ್ತಿದ್ದರು. ನಾನು ಅವನ್ನು ಬಸ್ಸಿನಲ್ಲಿ ಓದಿ, ಬಸ್ಸಿನಲ್ಲೇ ಸಿಟ್ಟಾಗುತ್ತಿದ್ದೆ.

ಆಗ ಎರಡು ಪಕ್ಷ. ಎಲ್ಲವೂ ಒಂದು ಕಾಲದಲ್ಲಿ ಒತ್ತಾಗಿ, ಕುದಿಯುವಷ್ಟು ಬಿಸಿಯಾಗಿ ಇತ್ತು, ಅಲ್ಲಿಂದ ಹರಡಿತು ಎಂಬುದು ಒಂದು. ಹಾಗಲ್ಲ, ವಿಶ್ವ ಎಂದೆಂದಿಗೂ ಹೀಗೆಯೇ ಇದೆ, ಹರಡಿ ಖಾಲಿಯಾದ ಜಾಗದಲ್ಲಿ ಹೊಸ ದ್ರವ್ಯ ತಾನಾಗಿ ಹುಟ್ಟಿ ತುಂಬುತ್ತದೆ ಎಂಬುದು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವ. ಮೊದಲನೆಯದನ್ನು ಹೇಳುವವರಿಗೆ, ‘ಅದಕ್ಕೂ ಮೊದಲು ಎಂತ ಇತ್ತು ಮಾರಾಯ್ರೆ?’ ಎಂದು ಕೇಳಿ ಬಾಯಿ ಮುಚ್ಚಿಸುವುದು ನನಗೆ ಬಹಳ ಖುಷಿಯ ಕೆಲಸವಾಗಿತ್ತು.

ಅರವತ್ತರ ದಶಕದ ಆರಂಭದಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ಚೊಚ್ಚಲ ಬಾಣಂತನವೆಂದು ಹೆಂಡತಿ ಅಜ್ಜಾವರದ ತವರಿನಲ್ಲಿ ಇದ್ದಳು. ನಮ್ಮ ಕಡೆಯ ಮನೆಗಳಲ್ಲಿ ಹನ್ನೆರಡನೆಯ ದಿನ ಹೆಸರಿಡುವುದು. ಅಪ್ಪನಾದವನು ಅಕ್ಕಿಯ ಮೇಲೆ ಹೆಸರು ಬರೆದು ಮಗುವಿನ ಕಿವಿಯಲ್ಲಿ ಹೇಳಬೇಕು. ಅದಕ್ಕೆ ಮೊದಲು ಯಾರೂ ಯಾವ ಹೆಸರಿನಿಂದಲೂ ಕರೆಯಬಾರದು, ಕರೆದರೆ ಮಗುವಿಗೆ ಒಳ್ಳೆಯದಲ್ಲ ಎಂದು ಹಿರಿಯರ ಕಟ್ಟಪ್ಪಣೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಹೆಸರನ್ನು ಯೋಚಿಸಿರಲಿಲ್ಲ. ಹನ್ನೆರಡು ದಿನ ಉಂಟಲ್ಲ ಎಂದುಕೊಂಡು ರಾಮಕುಂಜದಲ್ಲಿ ಪತ್ರಿಕೆ ಓದುತ್ತಿದ್ದೆ.

ಏಳನೆಯ ದಿನ ಮಗುವಿಗೆ ಜ್ವರ ಬಂತು. ಸುಳ್ಯದಿಂದ ವೈದ್ಯರು ಬಂದರು, ಮದ್ದು ಕೊಟ್ಟರು, ಮರುದಿನ ಪುನಃ ಬಂದರು. ಒಂಬತ್ತನೆಯ ದಿನ ಬೆಳಿಗ್ಗೆ ಮಗು ತೀರಿಕೊಂಡಿತು. ನನಗೆ ಸುದ್ದಿ ತಲುಪಿ, ನಾನು ಎರಡು ಬಸ್ಸು ಬದಲಾಯಿಸಿ ಹೋಗುವಾಗ ಗುಡ್ಡೆಯ ಬದಿಯಲ್ಲಿ ಮಣ್ಣು ಮಾಡಿ ಆಗಿತ್ತು. ಹಲ್ಲು ಮೂಡದ ಮಗುವಿಗೆ ಸಂಸ್ಕಾರ ಇಲ್ಲ, ತಿಥಿ ಇಲ್ಲ. ಮಾವನವರು ನನಗೆ ಒಂದು ಚೆಂಬು ನೀರು ಕೊಟ್ಟು, ‘ಮಿಂದು ಬನ್ನಿ, ಊಟ ಮಾಡುವ’ ಎಂದರು. ಮಿಂದೆ. ಊಟ ಮಾಡಿದೆ. ಎರಡನೆಯ ಸಲ ಸಾರು ಹಾಕಿಸಿಕೊಂಡದ್ದೂ ನೆನಪಿದೆ.

ಅಳು ಬರಲಿಲ್ಲ. ಏನೂ ಬರಲಿಲ್ಲ.

ಮಗು ಹೋದರೂ ಬಾಣಂತಿ ಬಾಣಂತಿಯೇ ಅಲ್ಲವೇ. ನಲವತ್ತು ದಿನದ ಬಿಸಿನೀರಿನ ಸ್ನಾನ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ತೆಂಗಿನ ಸಿಪ್ಪೆ ಒಟ್ಟಿ ದೊಡ್ಡ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುವುದು, ಮೀಯಿಸುವ ಹೆಂಗಸು ಬಂದು ಎಣ್ಣೆ ತಿಕ್ಕಿ ಕೊಡಕೊಡ ನೀರು ಹೊಯ್ಯುವುದು. ಮಗು ಇರುವ ಮನೆಯಲ್ಲಿ ಆ ಹೊತ್ತಿಗೆ ಬಚ್ಚಲಿನಿಂದ ಮಗುವಿನ ಕಿರುಚಾಟ ಕೇಳಬೇಕು. ನಾನು ಜಗಲಿಯಲ್ಲಿ ಕೂತು ನೀರು ಬೀಳುವುದನ್ನು ಮಾತ್ರ ಕೇಳಿದೆ. ಅವಳನ್ನು ನೋಡಲು ಒಳಗೆ ಹೋದಾಗ ‘ಶಾಲೆಗೆ ರಜೆಯಾ?’ ಎಂದಳು. ‘ನಾಳೆ ಉಂಟು’ ಎಂದೆ. ಮರುದಿನ ಬೆಳಿಗ್ಗೆಯ ಬಸ್ಸು ಹಿಡಿದು ಬಂದು ಒಂಬತ್ತನೆಯ ತರಗತಿಗೆ ದ್ರವದ ಒತ್ತಡದ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ.

ಕೆಲವು ತಿಂಗಳ ನಂತರ ಹೆಂಡತಿ ರಾಮಕುಂಜಕ್ಕೆ ಬಂದಳು. ಆ ವಾರವೇ ಪುತ್ತೂರಿನಲ್ಲಿ ಅಧ್ಯಾಪಕರ ಕೂಟವೊಂದರಲ್ಲಿ ನನ್ನ ಭಾಷಣ ಇತ್ತು, ‘ವಿಶ್ವಕ್ಕೆ ಆರಂಭ ಉಂಟೇ?’ ಎಂದು. ಇಲ್ಲ ಎಂದು ಒಂದು ಗಂಟೆ ಹೇಳಿದೆ, ಚಪ್ಪಾಳೆ ಬಿತ್ತು. ಮನೆಗೆ ಬಂದು, ಗೆರಸೆಯಲ್ಲಿ ಅಕ್ಕಿಯ ಕಲ್ಲು ಹೆಕ್ಕುತ್ತಿದ್ದ ಅವಳಿಗೂ ಹೇಳಿದೆ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಆಗ ನನ್ನ ಎಣಿಕೆ.

‘ಒಂದು ಹೋದಲ್ಲಿ ಇನ್ನೊಂದು ಬರ್ತದೆ. ಒಟ್ಟು ನೋಡಿದರೆ ಎಂತದೂ ಕಡಿಮೆ ಆಗುದಿಲ್ಲ’ ಎಂದೆ.

ಅವಳು ಗೆರಸೆಯಿಂದ ತಲೆ ಎತ್ತಿದಳು. ‘ಕಡಿಮೆ ಆಗುದಿಲ್ಲವಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಒಳಗೆ ಹೋದಳು. ಆ ಮೇಲೆ ನಾಲ್ಕು ವರ್ಷ ಆ ಮಗುವಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಡುವೆ ಒಬ್ಬ ಮಗ ಹುಟ್ಟಿದ. ಅವನಿಗೆ ಸರಿಯಾಗಿ ಹನ್ನೆರಡನೆಯ ದಿನ ಹೆಸರಿಟ್ಟೆವು. ಅಲ್ಲಿಯವರೆಗೆ ಅವಳು ಅವನನ್ನು ಎತ್ತಿಕೊಂಡು ಹಾಲು ಕೊಟ್ಟಳೇ ಹೊರತು ‘ಮಗಾ’ ಎಂದು ಸಹ ಕರೆಯಲಿಲ್ಲ. ನಾನು ಅದನ್ನು ಗಮನಿಸಿದ್ದೆ. ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದೆಂಬ ಹೆದರಿಕೆ ಇತ್ತು.

ಪುತ್ತೂರಿನ ಸ್ನೇಹಿತರು ಒಂದು ದಿನ ಪತ್ರಿಕೆಯನ್ನು ಕೈಗಿತ್ತು, ‘ನಿಮ್ಮ ಪಕ್ಷ ಸೋತಿತು ಮಾರಾಯ್ರೆ, ಡಿಪಾಸಿಟ್ಟೂ ಹೋಯ್ತು’ ಎಂದರು. ಬಸ್ಸಿನಲ್ಲಿ ಓದಿದೆ. ಅಮೇರಿಕದಲ್ಲಿ ಇಬ್ಬರು ದೊಡ್ಡ ಆಂಟೆನಾ ಇಟ್ಟುಕೊಂಡು ಬೇರೆ ಏನೋ ಕೆಲಸಕ್ಕೆ ಹೊರಟಿದ್ದರಂತೆ. ಒಂದು ಸಣ್ಣ ಗೊರಗೊರ ಸದ್ದು ಹೋಗುವುದೇ ಇಲ್ಲ. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ, ಹಗಲೂ ಅಷ್ಟೇ ರಾತ್ರಿಯೂ ಅಷ್ಟೇ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ತೊಳೆದರು, ಆದರೂ ಹೋಗಲಿಲ್ಲ. ಕೊನೆಗೆ ತಿಳಿದದ್ದು, ಅದು ಆರಂಭದ ಆ ಬಿಸಿಯಲ್ಲಿ ಇನ್ನೂ ಉಳಿದ ಪಾಲು, ಅದೇ ಆಂಟೆನಾದಲ್ಲಿ ಸದ್ದಾಗಿ ಕೇಳುತ್ತಿದೆ ಎಂದು. ಆರಿ ಆರಿ ಈಗ ಮೂರು ಡಿಗ್ರಿಯಷ್ಟು, ಎಂದರೆ ಇನ್ನು ಕೆಳಗೆ ಇಳಿಯಲಾಗದ ಶೀತಕ್ಕಿಂತ ಮೂರೇ ಡಿಗ್ರಿ ಮೇಲೆ. ಎದುರು ಪಕ್ಷದಲ್ಲಿ ಲೆಕ್ಕ ಹಾಕಿದವರು ಹೀಗೊಂದು ಬಿಸಿ ಉಳಿದಿರಬೇಕೆಂದು ಮೊದಲೇ ಹೇಳಿದ್ದರು. ಅವರನ್ನು ನಾನು ಎಷ್ಟು ಗೇಲಿ ಮಾಡಿದ್ದೆ! ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ನಿಲ್ದಾಣ ಬಂತೆಂದು ಕಂಡಕ್ಟರೇ ಹೇಳಬೇಕಾಯಿತು.

ಮನೆ ತಲುಪುವಾಗ ಮೂರು ಗಂಟೆ. ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅವಳು ಅಲ್ಲಿ ಮಗನ ಬಟ್ಟೆ ಹಿಂಡುತ್ತಿದ್ದಳು. ಹಂಡೆಯಿಂದ ನೀರು ತೆಗೆದೆ, ಉಗುರುಬೆಚ್ಚಗೆ ಇತ್ತು.

‘ಒಲೆ ಯಾವಾಗ ಆರಿದ್ದು?’ ಎಂದೆ.

‘ಬೆಳಿಗ್ಗೆಯೇ. ಎಂಟು ಗಂಟೆಗೆ. ಯಾಕೆ?’

ಯಾಕೆ ಎಂದು ಹೇಳಿದೆ. ಭಾಷಣದ ಧಾಟಿಯಲ್ಲಿ ಅಲ್ಲ, ನನ್ನಲ್ಲಿ ಆ ಧಾಟಿ ಉಳಿದಿರಲಿಲ್ಲ. ನಾನು ಹೇಳಿದ್ದು ತಪ್ಪು, ಆರಂಭ ಎಂಬುದು ಇತ್ತು, ಅದರ ಬಿಸಿ ಪೂರ್ತಿ ಹೋಗಿಲ್ಲ ಎಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಅಂಗೈಯನ್ನು ಹಂಡೆಯ ಹೊಟ್ಟೆಗೆ ಇಟ್ಟಳು.

‘ಅದು ಎಲ್ಲ ಕಡೆಯೂ ಉಂಟಾ?’

‘ಎಲ್ಲ ಕಡೆ. ಒಂದೇ ಸಮ.’

‘ಇಲ್ಲಿಯೂ? ಅಜ್ಜಾವರದಲ್ಲಿಯೂ?’

‘ಉಂಟು.’

ಅವಳು ಕೈ ತೆಗೆಯಲಿಲ್ಲ. ಹಂಡೆಗೇ ಹೇಳುವ ಹಾಗೆ, ‘ನಾನು ಆ ಮಗುವಿಗೆ ಹೆಸರಿಟ್ಟಿದ್ದೆ’ ಎಂದಳು. ‘ಮೂರನೇ ದಿನವೇ. ಯಾರೂ ಇಲ್ಲದಾಗ ಸಣ್ಣಕ್ಕೆ ಕರೀತಿದ್ದೆ. ಕರೆದರೆ ನನ್ನ ಕಡೆ ತಿರುಗ್ತಿತ್ತು. ಹನ್ನೆರಡು ದಿನ ಆಗದೆ ಕರೀಬಾರದು ಅಂತ ನನಗೆ ಗೊತ್ತಿತ್ತು.’ ಆಮೇಲೆ ನನ್ನ ಮುಖ ನೋಡಿದಳು. ‘ಅದರಿಂದಲೇ ಆದದ್ದಾ?’

ನಾಲ್ಕು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು. ನಾನು ಅದೇ ಮನೆಯಲ್ಲಿ ಕೂತು ವಿಶ್ವದ ಬಗ್ಗೆ ಓದುತ್ತಿದ್ದೆ. ನನಗೆ ನಾಚಿಕೆಯಾಯಿತು. ಅಷ್ಟು ಕಾಲದ ಮೇಲೆ ನನ್ನೊಳಗೆ ಏನಾದರೂ ಆದದ್ದು ಅದೇ ಮೊದಲು.

‘ಅಲ್ಲ’ ಎಂದೆ. ‘ಮಗುವಿಗೆ ಜ್ವರ ಇತ್ತು. ಜ್ವರದಿಂದ ಹೋದದ್ದು. ನೀನು ಕರೆದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.’

‘ಖಂಡಿತಾ?’

‘ಖಂಡಿತಾ.’

ಜೀವಮಾನದಲ್ಲಿ ನಾನು ಖಂಡಿತವಾಗಿ ಹೇಳಿದ್ದೆಷ್ಟೋ ಆಮೇಲೆ ಬಿದ್ದುಹೋಗಿದೆ. ಇದು ಬಿದ್ದಿಲ್ಲ.

‘ಎಂತ ಹೆಸರು?’ ಎಂದು ಕೇಳಿದೆ. ಹೇಳಿದಳು. ಎರಡಕ್ಷರದ ಹೆಸರು. ನನ್ನ ಮಗಳ ಹೆಸರನ್ನು ನಾನು ಕೇಳಿದ್ದು ಆಗ. ಸರಿಯಾಗಿ ಬಂತೋ ಎಂದು ಒಮ್ಮೆ ನನ್ನ ಬಾಯಲ್ಲೂ ಹೇಳಿ ನೋಡಿದೆ.

‘ಇನ್ನೊಮ್ಮೆ ಹೇಳಿ’ ಎಂದಳು.